2147483647: ಒಂದು ಅವಿಭಾಜ್ಯ ಸಂಖ್ಯೆಯ ತಾಳೆ ನೋಡಿದ ದಿನಚರಿ

ಜೂನ್ 3, ಬ್ಯಾಡಗಿ

ಮೆಣಸಿನಕಾಯಿ ಸುಗ್ಗಿ ಮುಗಿದು ಪೇಟೆಯಲ್ಲಿ ಚೀಲಗಳ ರಾಶಿ ಇಳಿದಿದೆ. ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನನಗೆ ಈಗ ಸಂಜೆ ಏಳರ ಹೊತ್ತಿಗೆ ಕಿರ್ದಿ ಮುಚ್ಚಲು ಸಾಧ್ಯವಾಗುತ್ತಿರುವುದರಿಂದ, ಬಹಳ ವರ್ಷಗಳಿಂದ ಮನಸ್ಸಿನಲ್ಲಿದ್ದ ಕೆಲಸವೊಂದನ್ನು ಇಂದು ಆರಂಭಿಸಿದ್ದೇನೆ. 2147483647, ಅಂದರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ನಾಲ್ಕು ಲಕ್ಷ ಎಂಬತ್ಮೂರು ಸಾವಿರದ ಆರುನೂರ ನಲವತ್ತೇಳು, ಒಂದು ಅವಿಭಾಜ್ಯ ಸಂಖ್ಯೆ ಎಂಬುದನ್ನು ಕಾಗದ ಮತ್ತು ಪೆನ್ನಿನಿಂದ ನಾನೇ ಸಾಧಿಸಿ ನೋಡಬೇಕು. ಕ್ಯಾಲ್ಕುಲೇಟರ್ ಮುಟ್ಟಬಾರದು, ಫೋನಿನಲ್ಲಿ ಹುಡುಕಬಾರದು, ಪ್ರತಿಯೊಂದು ಭಾಗಾಕಾರವೂ ಪುಸ್ತಕದಲ್ಲಿ ಉಳಿಯಬೇಕು. ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿರುವ ಮಗಳು ರಜೆಗೆ ಬಂದಾಗ ಪುಟಗಳನ್ನು ತಪಾಸಣೆ ಮಾಡಲು ಒಪ್ಪಿದ್ದಾಳೆ.

ಈ ಸಂಖ್ಯೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇದು 2³¹ − 1. ಎರಡರ ಘಾತಕ್ಕಿಂತ ಒಂದು ಕಡಿಮೆ ಇರುವ ಅವಿಭಾಜ್ಯಗಳನ್ನು ಮರ್ಸೆನ್ ಅವಿಭಾಜ್ಯಗಳು ಎನ್ನುತ್ತಾರೆ. 3, 7, 31, 127 ಎಂದು ಸಾಗುವ ಆ ಸಾಲಿನಲ್ಲಿ ಇದು ಎಂಟನೆಯದು. 1603ರಲ್ಲಿ ಇಟಲಿಯ ಕತಾಲ್ಡಿ 23, 29, 31, 37 ಈ ನಾಲ್ಕು ಘಾತಗಳೂ ಅವಿಭಾಜ್ಯವನ್ನು ಕೊಡುತ್ತವೆ ಎಂದು ಹೇಳಿದ್ದರು, ಆದರೆ ನಾಲ್ಕರಲ್ಲಿ ನಿಜವಾದದ್ದು 31 ಒಂದೇ. ಅದನ್ನು ಸಾಧಿಸಿದವರು ಗಣಿತಜ್ಞ ಆಯ್ಲರ್. 1772ರಲ್ಲಿ, ದೃಷ್ಟಿಯನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದ ಕಾಲದಲ್ಲಿ, ಡೇನಿಯಲ್ ಬರ್ನೌಲಿಯವರಿಗೆ ಬರೆಸಿದ ಪತ್ರದಲ್ಲಿ ಈ ಸಂಖ್ಯೆ ಅವಿಭಾಜ್ಯವೆಂದು ಅವರು ತಿಳಿಸಿದರು. ಆ ಬಳಿಕ ಎಂಬತ್ತಕ್ಕೂ ಹೆಚ್ಚು ವರ್ಷ ಮನುಷ್ಯರಿಗೆ ಗೊತ್ತಿದ್ದ ಅವಿಭಾಜ್ಯಗಳಲ್ಲಿ ಇದೇ ದೊಡ್ಡದಾಗಿತ್ತು. ಇಂದು ತಿಳಿದಿರುವ ಅತಿ ದೊಡ್ಡ ಮರ್ಸೆನ್ ಅವಿಭಾಜ್ಯಗಳಲ್ಲಿ ಕೋಟಿಗಟ್ಟಲೆ ಅಂಕಿಗಳಿವೆ, ಆದರೆ ಅವುಗಳನ್ನು ಯಂತ್ರಗಳು ಮಾತ್ರ ಸಾಧಿಸಬಲ್ಲವು. ಒಬ್ಬ ಮನುಷ್ಯನ ಸಂಜೆಗಳಿಗೆ ದಕ್ಕುವಷ್ಟು ದೊಡ್ಡದು ನನ್ನ ಪಾಲಿಗೆ ಈ ಹತ್ತಂಕಿಯ ಸಂಖ್ಯೆ.

ಜೂನ್ 9

ಭಾಗಿಸಲು ಕೂರುವ ಮೊದಲು ಯಾವುದರಿಂದ ಭಾಗಿಸಬೇಕು ಎಂಬುದನ್ನು ತೀರ್ಮಾನಿಸಬೇಕಿತ್ತು. ಇದರ ವರ್ಗಮೂಲ 46340ನ್ನು ಸ್ವಲ್ಪ ದಾಟುತ್ತದೆ. ಆದ್ದರಿಂದ ಭಾಜಕವೇನಾದರೂ ಇದ್ದರೆ 46340ರ ಒಳಗೆ ಒಂದು ಇರಲೇಬೇಕು. ಅಷ್ಟರೊಳಗಿನ ಅವಿಭಾಜ್ಯಗಳು ನಾಲ್ಕು ಸಾವಿರದ ಏಳುನೂರಕ್ಕೂ ಹೆಚ್ಚು. ದಿನಕ್ಕೆ ಮೂರು ಭಾಗಾಕಾರದಂತೆ ಮಾಡಿದರೂ ನಾಲ್ಕು ವರ್ಷ ಮೀರುತ್ತದೆ. ಆಯ್ಲರ್ ಹಿಡಿದ ದಾರಿ ಈ ರಾಶಿಯನ್ನು ಹೇಗೆ ಕರಗಿಸುತ್ತದೆ ಎಂಬುದನ್ನು ನನ್ನ ಮಾತಿನಲ್ಲಿ ಬರೆದಿಡುತ್ತೇನೆ.

ನಮ್ಮ ಸಂಖ್ಯೆಯನ್ನು ಯಾವುದೋ ಒಂದು ಅವಿಭಾಜ್ಯವು ಶೇಷವಿಲ್ಲದೆ ಭಾಗಿಸುತ್ತದೆ ಎಂದುಕೊಳ್ಳೋಣ. ಆಗ 2³¹ನ್ನು ಆ ಭಾಜಕದಿಂದ ಭಾಗಿಸಿದರೆ 1 ಉಳಿಯಬೇಕು. 2, 4, 8, 16 ಎಂದು ಇಮ್ಮಡಿಸುತ್ತ ಪ್ರತಿ ಸಲವೂ ಶೇಷವನ್ನು ಮಾತ್ರ ಇಟ್ಟುಕೊಂಡರೆ ಆ ಶೇಷಗಳು ಗಾಣದ ಎತ್ತಿನಂತೆ ಒಂದೇ ಸುತ್ತಿನಲ್ಲಿ ತಿರುಗುತ್ತವೆ, ಮತ್ತು 31ನೇ ಹೆಜ್ಜೆಗೆ 1 ಬರಬೇಕಾದ್ದರಿಂದ ಸುತ್ತಿನ ಉದ್ದ 31ನ್ನು ಭಾಗಿಸಬೇಕು. 31 ತಾನೇ ಅವಿಭಾಜ್ಯ. ಸುತ್ತಿನ ಉದ್ದ 1 ಆಗಲು ಸಾಧ್ಯವಿಲ್ಲ. ಹಾಗಾಗಿ ಅದು 31 ಆಗಿರಲೇಬೇಕು. ಫ್ರಾನ್ಸಿನ ಗಣಿತಜ್ಞ ಫರ್ಮಾ ಅವರ ಪ್ರಮೇಯದ ಪ್ರಕಾರ ಭಾಜಕದಲ್ಲಿ ಒಂದು ಕಳೆದರೆ ಬರುವ ಸಂಖ್ಯೆ ಈ ಉದ್ದದಿಂದ ಭಾಗವಾಗಬೇಕು. ಭಾಜಕ ಬೆಸ ಸಂಖ್ಯೆಯಾದ್ದರಿಂದ ಒಂದು ಕಳೆದಾಗ ಅದು 2ರಿಂದಲೂ ಭಾಗವಾಗುತ್ತದೆ. ಅಲ್ಲಿಗೆ ಭಾಜಕವು 62ರ ಗುಣಕಕ್ಕೆ 1 ಕೂಡಿಸಿದ ಸಂಖ್ಯೆಯೇ ಆಗಿರಬೇಕು.

ಇನ್ನೊಂದು ಜರಡಿ ಇದಕ್ಕಿಂತ ಸೊಗಸಾಗಿದೆ. 2³¹ರ ಶೇಷ 1 ಆದರೆ 2³²ರ ಶೇಷ 2. ಆದರೆ 2³² ಎಂದರೆ 65536ರ ವರ್ಗ. ಅಂದರೆ ಆ ಭಾಜಕದ ಲೆಕ್ಕದಲ್ಲಿ 2 ಎಂಬುದು ಒಂದು ಪೂರ್ಣ ವರ್ಗದ ಹಾಗೆ ನಡೆದುಕೊಳ್ಳುತ್ತದೆ, ಮತ್ತು ಇದು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯುವ ಅವಿಭಾಜ್ಯಗಳಿಗೆ ಮಾತ್ರ ಸಾಧ್ಯ. ಎರಡೂ ಜರಡಿಗಳನ್ನು ಒಟ್ಟಿಗೆ ಹಿಡಿದರೆ ಭಾಜಕವು 248ರ ಗುಣಕಕ್ಕೆ 1 ಅಥವಾ 63 ಕೂಡಿಸಿದ ಸಂಖ್ಯೆಯಾಗಿರಬೇಕು. ಬೇರೆ ಯಾವುದಕ್ಕೂ ಒಳಗೆ ಪ್ರವೇಶವಿಲ್ಲ. 46340ರ ಒಳಗೆ ಅಂಥವು 373. ಅವುಗಳಲ್ಲಿ ಮೊದಲನೆಯದು 63, ಅದು ಅವಿಭಾಜ್ಯವಲ್ಲದ್ದರಿಂದ ಉಳಿದವು 372.

ಈ ನಿಯಮವನ್ನು ಚಿಕ್ಕ ಸಂಖ್ಯೆಯ ಮೇಲೆ ಪರೀಕ್ಷಿಸದೆ ಮುಂದೆ ಹೋಗಲು ಮನಸ್ಸು ಒಪ್ಪಲಿಲ್ಲ. 2¹¹ − 1 ಎಂದರೆ 2047, ಅದು 23 ಮತ್ತು 89ರ ಗುಣಲಬ್ಧ. 23ರಲ್ಲಿ 1 ಕಳೆದರೆ 22, 89ರಲ್ಲಿ 1 ಕಳೆದರೆ 88. ಎರಡೂ 22ರಿಂದ ಭಾಗವಾಗುತ್ತವೆ. 8ರಿಂದ ಭಾಗಿಸಿದರೆ 23ರಲ್ಲಿ 7 ಉಳಿಯುತ್ತದೆ, 89ರಲ್ಲಿ 1 ಉಳಿಯುತ್ತದೆ. ನಿಯಮ ಹೇಳಿದ ಹಾಗೆಯೇ ಇದೆ.

ಜೂನ್ 22

ಎರಡು ಪಟ್ಟಿಗಳನ್ನು ಖತಾವಣಿ ಪುಸ್ತಕದ ಎಡಬಲ ಪುಟಗಳಲ್ಲಿ ಬರೆದೆ. ಎಡಕ್ಕೆ 249, 497, 745, 993, 1241; ಬಲಕ್ಕೆ 311, 559, 807, 1055, 1303. ಪ್ರತಿ ಸಲವೂ 248 ಕೂಡಿಸುತ್ತ ಹೋದರೆ ಆಯಿತು. ಇವುಗಳಲ್ಲಿ ಅವಿಭಾಜ್ಯವಲ್ಲದವನ್ನು ಹೊಡೆದುಹಾಕಲು ಭಾಗಿಸುವ ಅಗತ್ಯವೇ ಇಲ್ಲ ಎಂಬುದು ಬರೆಯುತ್ತಿದ್ದಂತೆ ಹೊಳೆಯಿತು. ಎಡ ಪುಟದಲ್ಲಿ 3ರಿಂದ ಭಾಗವಾಗುವ ಮೊದಲನೆಯದು 249. ಅಲ್ಲಿಂದ ಪ್ರತಿ ಮೂರನೆಯದನ್ನು ಹೊಡೆದರೆ ಸಾಕು. 5ಕ್ಕೆ 745ರಿಂದ ಪ್ರತಿ ಐದನೆಯದು, 7ಕ್ಕೆ 497ರಿಂದ ಪ್ರತಿ ಏಳನೆಯದು. ಹೀಗೆ 211ರವರೆಗಿನ ಅವಿಭಾಜ್ಯಗಳನ್ನು ಒಂದೊಂದಾಗಿ ತೆಗೆದುಕೊಂಡು ಬೆರಳಿನಿಂದ ಎಣಿಸುತ್ತ ಹೋದೆ. 31ರ ಸರದಿ ಬಂದಾಗ ಒಂದೂ ಹೊಡೆಯಲು ಸಿಗಲಿಲ್ಲ. ಸಿಗಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಪಟ್ಟಿಯ ಪ್ರತಿ ಸಂಖ್ಯೆಯೂ 31ರಿಂದ ಭಾಗಿಸಿದಾಗ 1 ಉಳಿಸುತ್ತದೆ.

ಬಲ ಪುಟದಲ್ಲಿ 2047 ಕಾಣಿಸಿಕೊಂಡಾಗ ಪೆನ್ನು ಒಂದು ಕ್ಷಣ ನಿಂತಿತು. ಎರಡು ವಾರದ ಹಿಂದೆ ಪರೀಕ್ಷೆಗೆಂದು ಬಳಸಿದ್ದ ಅದೇ 2047, ಇಲ್ಲಿ ಅಭ್ಯರ್ಥಿಯಾಗಿ ಬಂದು ನಿಂತಿದೆ, ಮತ್ತು 23ರ ಎಣಿಕೆಯಲ್ಲಿ ಹೊಡೆತಕ್ಕೆ ಸಿಕ್ಕಿತು. ಇದು ಆಕಸ್ಮಿಕವಲ್ಲ. 2⁶, 2¹¹, 2¹⁶ ಹೀಗೆ ಐದೈದು ಹೆಜ್ಜೆ ದಾಟಿ ಬರುವ ಘಾತಗಳೆಲ್ಲವೂ 248ರಿಂದ ಭಾಗಿಸಿದಾಗ 64ನ್ನೇ ಉಳಿಸುತ್ತವೆ. ಆದ್ದರಿಂದ ಅವುಗಳಲ್ಲಿ ಒಂದು ಕಳೆದ 63, 2047 ಮೊದಲಾದವು ಈ ಪುಟಕ್ಕೇ ಸೇರಬೇಕು.

ಎಡ ಪುಟದ ಕೊನೆಯ ಸಂಖ್ಯೆ 46129 ಬಹಳ ಹೊತ್ತು ತಪ್ಪಿಸಿಕೊಂಡು ನಿಂತಿತ್ತು. ಇದಂತೂ ಉಳಿಯಿತು ಎಂದುಕೊಂಡಿರುವಾಗ 163ರ ಸರದಿ ಬಂತು, ಅದು 163 ಮತ್ತು 283ರ ಗುಣಲಬ್ಧವೆಂದು ತಿಳಿಯಿತು. ಎಲ್ಲ ಮುಗಿದಾಗ 372ರಲ್ಲಿ ನಾಲ್ಕನೇ ಒಂದು ಪಾಲಿಗಿಂತ ಕಡಿಮೆ ಉಳಿದವು. ನಿಜವಾದ ಭಾಗಾಕಾರ ಅವುಗಳಿಗೆ ಮಾತ್ರ.

ಜುಲೈ 6

ಮೊದಲ ಭಾಜಕ 311. 2147483647ನ್ನು 311ರಿಂದ ಭಾಗಿಸಿದರೆ ಭಾಗಲಬ್ಧ 6905092, ಶೇಷ 35. ಲೆಕ್ಕ ಸರಿಯಿದೆಯೆಂದು ತಿಳಿಯುವುದು ಹೇಗೆ? ನಮ್ಮ ಕಸುಬಿನಲ್ಲಿ ಒಂದೇ ಮೊತ್ತವನ್ನು ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲಕ್ಕೆ ಒಮ್ಮೆ ಕೂಡುವ ರೂಢಿ ಇದೆ. ಹಾಗೆಯೇ ಇಲ್ಲಿಯೂ ಎರಡನೆಯ ದಾರಿಯೊಂದನ್ನು ಇಟ್ಟುಕೊಂಡಿದ್ದೇನೆ. 2¹⁰ ಎಂದರೆ 1024. ಅದರಲ್ಲಿ 311ರ ಮೂರು ಪಟ್ಟು ತೆಗೆದರೆ 91. ಇದರ ವರ್ಗ 8281, ಶೇಷ 195. ಅದು 2²⁰ರ ಪಾಲು. 195ನ್ನು 91ರಿಂದ ಗುಣಿಸಿದರೆ 17745, ಶೇಷ 18. ಅದು 2³⁰ರ ಪಾಲು. ಇಮ್ಮಡಿಸಿದರೆ 36, ಒಂದು ಕಳೆದರೆ 35. ಎರಡು ಬೇರೆ ಬೇರೆ ದಾರಿಗಳು ಒಂದೇ ಬಾಗಿಲಿಗೆ ಬಂದು ಸೇರಿದವು.

ನಂತರ 1303, ಶೇಷ 226. 1489ಕ್ಕೆ 2³⁰ರ ಪಾಲು ಸರಿಯಾಗಿ 100 ಬಂದದ್ದರಿಂದ ಶೇಷ 199. 2729ಕ್ಕೆ ಅದೇ ಪಾಲು 400 ಬಂದು ಶೇಷ 799. ಇಂಥ ದುಂಡು ಸಂಖ್ಯೆಗಳು ನಡುವೆ ಸಿಕ್ಕಾಗ ಮಾವಿನ ಹಣ್ಣು ಹೆಕ್ಕಿದಷ್ಟು ಸಂತೋಷವಾಗುತ್ತದೆ.

ಜುಲೈ 27

ಮೂರು ವಾರದ ಕೆಲಸದಲ್ಲಿ ತಪ್ಪು ಸಿಕ್ಕಿದೆ. ಅದನ್ನು ಪೂರ್ತಿಯಾಗಿ ಬರೆದಿಡಬೇಕು. ಮಗಳು ನಿನ್ನೆ ಊರಿಗೆ ಬಂದು, ಊಟವಾದ ಮೇಲೆ ಬಲ ಪುಟದ ಮೇಲೆ ಬೆರಳಿಟ್ಟು ಓದುತ್ತಿದ್ದವಳು, "ಅಪ್ಪಾ, ಇಲ್ಲೆ ಹತ್ತು ಕಡಿಮಿ ಬಿದ್ದೈತ್ರಿ" ಎಂದಳು. 4775ಕ್ಕೆ 248 ಕೂಡಿಸಿದರೆ 5023. ನಾನು 5013 ಎಂದು ಬರೆದಿದ್ದೆ. ಅಲ್ಲಿಂದ ಮುಂದಿನ ಪ್ರತಿ ಸಂಖ್ಯೆಯೂ ಹತ್ತು ಕಡಿಮೆ.

ಇದು ನನ್ನ ಕಣ್ಣು ತಪ್ಪಿಸಿದ್ದು ಹೇಗೆ ಎಂಬುದೇ ಹೆಚ್ಚು ಯೋಚಿಸಬೇಕಾದ ವಿಷಯ. ಪಟ್ಟಿಯ ಕೊನೆಯ ಅಂಕಿಗಳು 3, 1, 9, 7, 5 ಎಂಬ ಐದರ ಸುತ್ತಿನಲ್ಲಿ ತಿರುಗುತ್ತವೆ, ಮತ್ತು ನಾನು ಆ ಸುತ್ತನ್ನು ನೋಡುತ್ತ ನಿಶ್ಚಿಂತನಾಗಿದ್ದೆ. ಹತ್ತರ ಸ್ಥಾನದ ತಪ್ಪು ಕೊನೆಯ ಅಂಕಿಯನ್ನು ಮುಟ್ಟುವುದೇ ಇಲ್ಲ. 31ರಿಂದ ಭಾಗಿಸಿ ನೋಡಿದ್ದರೆ ಅಂದೇ ತಿಳಿಯುತ್ತಿತ್ತು: 5023ಕ್ಕೆ ಶೇಷ 1, ಆದರೆ 5013ಕ್ಕೆ 22.

ತಪ್ಪಿದ ಪಟ್ಟಿಯಿಂದ 5261 ಮತ್ತು 6997ರಂಥ, ಭಾಜಕವಾಗುವ ಅರ್ಹತೆಯೇ ಇಲ್ಲದ ಅವಿಭಾಜ್ಯಗಳಿಂದ ಭಾಗಿಸುತ್ತ ಸಂಜೆಗಳು ಹೋಗಿದ್ದವು. ಅದು ಸಮಯದ ನಷ್ಟ ಮಾತ್ರ. ಆದರೆ 5023, 5519, 6263 ಈ ಮೂರು ನಿಜವಾದ ಅಭ್ಯರ್ಥಿಗಳು ಪರೀಕ್ಷೆಯೇ ಇಲ್ಲದೆ ದಾಟಿಹೋಗಿದ್ದವು, ಮತ್ತು ಅವು ಮೊದಲ ಮೂರು ಮಾತ್ರ. ಒಂದೇ ಒಂದು ಅಭ್ಯರ್ಥಿ ಬಿಟ್ಟುಹೋದರೂ ಉಳಿದೆಲ್ಲ ಪುಟಗಳು ಏನನ್ನೂ ಸಾಧಿಸುವುದಿಲ್ಲ, ಏಕೆಂದರೆ ಈ ವಿಧಾನದಲ್ಲಿ ಪ್ರತಿ ಭಾಗಾಕಾರವೂ "ಇದಲ್ಲ" ಎಂದಷ್ಟೇ ಹೇಳುತ್ತದೆ, ಮತ್ತು ಎಲ್ಲ "ಇದಲ್ಲ"ಗಳೂ ಕೂಡಿದಾಗ ಮಾತ್ರ ಅದು ಸಾಧನೆಯಾಗುತ್ತದೆ.

ಬಲ ಪುಟವನ್ನು 5023ರಿಂದ ಮತ್ತೆ ಬರೆದೆ. ಈ ಸಲ ಇನ್ನೊಂದು ಕಾವಲು ಇಟ್ಟಿದ್ದೇನೆ: 248ರ ಇಪ್ಪತ್ತೈದು ಪಟ್ಟು 6200 ಆದ್ದರಿಂದ, 63ರಿಂದ ಎಣಿಸಿ ಪ್ರತಿ ಇಪ್ಪತ್ತೈದು ಹೆಜ್ಜೆಗೆ 6263, 12463, 18663 ಎಂದು 63ರಲ್ಲೇ ಮುಗಿಯುವ ಸಂಖ್ಯೆ ಬರಬೇಕು. 5023ಕ್ಕೆ ಶೇಷ 457 ಬಂತು, 6263ಕ್ಕೆ 1155.

ಆಗಸ್ಟ್ 24

ಕೊನೆಯ ಭಾಗಾಕಾರ ಇಂದು ರಾತ್ರಿ ಒಂಬತ್ತೂವರೆಗೆ ಮುಗಿಯಿತು. ಬಲ ಪುಟದ ಕೊನೆಯ ಸಂಖ್ಯೆ 46191 ಮೂರರಿಂದ ಭಾಗವಾಗುತ್ತದೆ, 46129ರ ಕಥೆ ಮೊದಲೇ ಹೇಳಿದ್ದೇನೆ, 45881 ಎಂಬುದು 11, 43 ಮತ್ತು 97ರ ಗುಣಲಬ್ಧ. ಹೀಗಾಗಿ ಎರಡೂ ಪುಟಗಳಲ್ಲಿ ಉಳಿದ ಅತಿ ದೊಡ್ಡ ಅವಿಭಾಜ್ಯ 45943. ಅದರಿಂದ ಭಾಗಿಸಿದಾಗ ಭಾಗಲಬ್ಧ 46742, ಶೇಷ 15941. ಎಲ್ಲಿಯೂ ಸೊನ್ನೆ ಬಂದಿಲ್ಲ. 2147483647 ಅವಿಭಾಜ್ಯ.

ಈ ಸಂಖ್ಯೆ ದಿನನಿತ್ಯದ ಬದುಕಿನಲ್ಲಿಯೂ ಇದೆ ಎಂಬುದನ್ನು ಇಲ್ಲಿ ಬರೆಯಬೇಕೆನಿಸುತ್ತದೆ. 32 ಬಿಟ್‌ಗಳ ಕೋಣೆಯಲ್ಲಿ ಒಂದು ಬಿಟ್ಟನ್ನು ಧನ ಋಣದ ಗುರುತಿಗೆ ಬಿಟ್ಟರೆ ಕಂಪ್ಯೂಟರ್ ಹಿಡಿಯಬಲ್ಲ ಅತಿ ದೊಡ್ಡ ಪೂರ್ಣಾಂಕ ಇದೇ. 1970ರ ಆರಂಭದಿಂದ ಸೆಕೆಂಡುಗಳನ್ನು ಅಂಥ ಕೋಣೆಯಲ್ಲಿ ಎಣಿಸುತ್ತಿರುವ ಹಳೆಯ ಯಂತ್ರಗಳಲ್ಲಿ 2038ರ ಜನವರಿ 19ರಂದು ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಎಣಿಕೆ ಸರಿಯಾಗಿ ಈ ಅವಿಭಾಜ್ಯಕ್ಕೆ ಬಂದು ನಿಲ್ಲುತ್ತದೆ, ಮುಂದಿನ ಸೆಕೆಂಡಿಗೆ ಅಲ್ಲಿ ಜಾಗವಿರುವುದಿಲ್ಲ.

ಇನ್ನೊಂದು ಗುಣವಂತೂ ನನ್ನನ್ನು ಹಲವು ದಿನ ಹಿಡಿದಿಟ್ಟಿತು. 5 ಅವಿಭಾಜ್ಯ, 2⁵ − 1, ಅಂದರೆ 31, ಅವಿಭಾಜ್ಯ, 2³¹ − 1 ಕೂಡ ಅವಿಭಾಜ್ಯ. ಹಾಗಾದರೆ 2147483647ನ್ನೇ ಘಾತವಾಗಿಟ್ಟುಕೊಂಡು ಒಂದು ಕಳೆದರೆ? ಸರಪಳಿ ಅಲ್ಲಿಗೆ ಕಡಿಯುತ್ತದೆ. ಆ ಸಂಖ್ಯೆಯನ್ನು ಪೂರ್ತಿ ಬರೆಯಲು ಅರವತ್ತನಾಲ್ಕು ಕೋಟಿಗೂ ಹೆಚ್ಚು ಅಂಕಿಗಳು ಬೇಕು, ಆದರೂ 295257526626031 ಅದನ್ನು ಭಾಗಿಸುತ್ತದೆ ಎಂಬುದು ಗೊತ್ತಿದೆ. ಈ ಭಾಜಕದಲ್ಲಿ 1 ಕಳೆದು 2147483647ರಿಂದ ಭಾಗಿಸಿ ನೋಡಿದೆ. ಶೇಷವಿಲ್ಲದೆ 137490 ಬಂತು. 8ರಿಂದ ಭಾಗಿಸಿದರೆ 7 ಉಳಿಯಿತು. ಜೂನ್ ತಿಂಗಳಲ್ಲಿ ಬರೆದುಕೊಂಡ ಅದೇ ಎರಡು ಜರಡಿಗಳ ಮೂಲಕ ಈ ಹದಿನೈದಂಕಿಯ ಭಾಜಕವೂ ಸರಿಯಾಗಿ ಹಾಯ್ದುಹೋಗುತ್ತದೆ.

ಸೆಪ್ಟೆಂಬರ್ 14

ಕೆಲಸ ಮುಗಿಯಿತೆಂದು ಪುಸ್ತಕ ಮುಚ್ಚಲು ಆಗಲಿಲ್ಲ. ಹತ್ತರ ತಪ್ಪು ಮನಸ್ಸಿನಲ್ಲಿ ಉಳಿದಿದೆ. "ಇದಲ್ಲ" ಎಂದು ಹೇಳದೆ, ನೇರವಾಗಿ "ಹೌದು" ಎಂದು ಹೇಳುವ ದಾರಿಯೊಂದು ಬೇಕಿತ್ತು. ಅಂಥದ್ದು ಇದೆ: 1870ರ ದಶಕದಲ್ಲಿ ಫ್ರಾನ್ಸಿನ ಲೂಕಾ ಕಂಡುಕೊಂಡು, 1930ರ ಸುಮಾರಿಗೆ ಅಮೆರಿಕದ ಲೆಹ್ಮರ್ ತಿದ್ದಿದ ಪರೀಕ್ಷೆ. ಮೊದಲು 4 ಬರೆಯಬೇಕು. ಅದರ ವರ್ಗ ಮಾಡಿ 2 ಕಳೆದು, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ಹೀಗೆ ಘಾತಕ್ಕಿಂತ ಎರಡು ಕಡಿಮೆ ಸಲ, ಅಂದರೆ ನಮಗೆ 29 ಸಲ, ಮಾಡಿದಾಗ 0 ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ.

127ರ ಮೇಲೆ ಮಾಡಿ ನೋಡಿದೆ: 4, 14, 67, 42, 111, 0. ಐದು ಹೆಜ್ಜೆಗೆ ಸೊನ್ನೆ. 31ರ ಮೇಲೆ: 4, 14, 8, 0. ಸೊನ್ನೆಗೆ ಮುಂಚಿನ ಸಂಖ್ಯೆಯನ್ನು ಗಮನಿಸಿದಾಗ ಒಂದು ವಿಷಯ ತಿಳಿಯಿತು. ಅದರ ವರ್ಗದಲ್ಲಿ 2 ಕಳೆದಾಗ ಏನೂ ಉಳಿಯಬಾರದಾದ್ದರಿಂದ ಅದು 2ರ ವರ್ಗಮೂಲದಂತೆ ನಡೆದುಕೊಳ್ಳಬೇಕು. 31ಕ್ಕೆ ಅದು 8. 127ಕ್ಕೆ 111, ಅಂದರೆ 127ರಲ್ಲಿ 16 ಕಡಿಮೆ. ನಮ್ಮ ಸಂಖ್ಯೆಗೆ ಅದು 65536 ಆಗಿರಬೇಕು, ಇಲ್ಲವೇ 2147483647ರಲ್ಲಿ ಅಷ್ಟು ಕಳೆದ 2147418111 ಆಗಿರಬೇಕು. ಮೂರನೆಯದಕ್ಕೆ ಅವಕಾಶವಿಲ್ಲ. ಊರು ಗೊತ್ತಿದೆ, ಯಾವ ಅಗಸಿಯಿಂದ ಒಳಗೆ ಹೋಗುತ್ತೇನೆ ಎಂಬುದು ಗೊತ್ತಿಲ್ಲ.

ಅಕ್ಟೋಬರ್ 5

ಮೊದಲ ನಾಲ್ಕು ಹೆಜ್ಜೆ ಸುಲಭ: 14, 194, 37634, 1416317954. ಇಲ್ಲಿಯವರೆಗೆ ಭಾಗಿಸುವ ಪ್ರಸಂಗವೇ ಬರುವುದಿಲ್ಲ. ಐದನೆಯದಕ್ಕೆ ಹತ್ತಂಕಿಯ ಸಂಖ್ಯೆಯ ವರ್ಗ ಬೇಕು. 1416317954ರ ಬದಲು ಅದನ್ನು 2147483647ರಿಂದ ಕಳೆದು ಬರುವ 731165693ರ ವರ್ಗ ಮಾಡಿದರೂ ಶೇಷ ಅದೇ ಆಗಿರುತ್ತದೆ, ಗುಣಾಕಾರ ಒಂದಂಕಿ ಕಡಿಮೆಯಾಗುತ್ತದೆ. ವರ್ಗದಲ್ಲಿ 2 ಕಳೆದಾಗ 534603270620170247. ಭಾಗಿಸಿದರೆ ಭಾಗಲಬ್ಧ 248944047, ಶೇಷ 669670838.

ತಾಳೆ ನೋಡುವಾಗ ಈ ಅವಿಭಾಜ್ಯ ನನಗೆ ಒಂದು ಉಪಕಾರ ಮಾಡಿತು. ಅದರ ಅಂಕಿಗಳನ್ನು ಕೂಡಿದರೆ 46, ಮತ್ತೆ ಕೂಡಿದರೆ 10, ಕೊನೆಗೆ 1. ಒಂಬತ್ತರ ಲೆಕ್ಕದಲ್ಲಿ ಅದು 1ಕ್ಕೆ ಸಮವಾದ್ದರಿಂದ ಭಾಗಲಬ್ಧದ ಅಂಕಿಮೊತ್ತ ಮತ್ತು ಶೇಷದ ಅಂಕಿಮೊತ್ತ ಕೂಡಿದರೆ ಭಾಜ್ಯದ ಅಂಕಿಮೊತ್ತ ಬರಬೇಕು. ಇಲ್ಲಿ ಭಾಗಲಬ್ಧಕ್ಕೆ 6, ಶೇಷಕ್ಕೆ 8, ಕೂಡಿದರೆ 14, ಅಂದರೆ 5, ಭಾಜ್ಯಕ್ಕೂ 5.

ಆದರೆ ಒಂಬತ್ತರ ತಾಳೆಯನ್ನು ಎಷ್ಟು ನಂಬಬೇಕೆಂಬುದು ಲೆಕ್ಕ ಬರೆಯುವವರಿಗೆಲ್ಲ ಗೊತ್ತು. ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ, ತಾಳೆ ಅದನ್ನು ಹಿಡಿಯಲಾರದು. ಹನ್ನೆರಡನೆಯ ಹೆಜ್ಜೆಯಲ್ಲಿ ಹಾಗೆಯೇ ಆಯಿತು. ಮರುದಿನ ಎರಡನೆಯ ಸಲ ಮಾಡಿದಾಗ ಬಂದ ಉತ್ತರ ಬೇರೆಯಾಗಿತ್ತು. ಎರಡರ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿದಾಗ ನಿಶ್ಶೇಷವಾಗಿ ಹೋಯಿತು. ಎಲ್ಲಿ ಹುಡುಕಬೇಕೆಂಬುದು ಆಗಲೇ ತಿಳಿಯಿತು. ಅಂದಿನಿಂದ ಹನ್ನೊಂದರ ತಾಳೆಯನ್ನೂ ಸೇರಿಸಿದ್ದೇನೆ. ಅದು ಇಂಥ ಅದಲುಬದಲನ್ನು ಹಿಡಿಯುತ್ತದೆ, ಮತ್ತು 2147483647 ಹನ್ನೊಂದರ ಲೆಕ್ಕದಲ್ಲಿಯೂ 1ನ್ನೇ ಉಳಿಸುತ್ತದೆ.

ನವೆಂಬರ್ 16

ಇಪ್ಪತ್ತೆಂಟನೆಯ ಹೆಜ್ಜೆ ಮಧ್ಯಾಹ್ನ ಮುಗಿಯಿತು. ಭಾಗಾಕಾರದ ಕೊನೆಯ ಸಾಲಿನಲ್ಲಿ ಹತ್ತಂಕಿಯ ಶೇಷ ಬರುವುದನ್ನೇ ನೋಡಿ ರೂಢಿಯಾಗಿದ್ದ ಕಣ್ಣಿಗೆ ಈ ಸಲ ಐದೇ ಅಂಕಿಗಳು ಕಾಣಿಸಿದವು: 65536. ಒಂಬತ್ತರ ತಾಳೆ, ಹನ್ನೊಂದರ ತಾಳೆ ಎರಡನ್ನೂ ನೋಡಿದೆ. ಮಗಳಿಗೆ ಫೋನ್ ಮಾಡಿ ಹೇಳಿದೆ, ಅವಳು ಕೊನೆಯ ಹೆಜ್ಜೆಯನ್ನು ತಾನು ಕೇಳುತ್ತಿರುವಾಗಲೇ ಮಾಡಬೇಕೆಂದಳು. ಓದುತ್ತ ಬರೆದೆ. 65536ರ ವರ್ಗ 4294967296. ಎರಡು ಕಳೆದರೆ 4294967294. 2147483647ರ ಎರಡು ಪಟ್ಟು 4294967294. ಶೇಷ 0.

ಆ ಪುಟದ ಕೆಳಗೆ, ದಿನದ ಕಿರ್ದಿಯಲ್ಲಿ ಹಾಕುವ ಹಾಗೆಯೇ, ಎರಡು ಗೆರೆ ಎಳೆದು ತಾರೀಖು ಹಾಕಿದ್ದೇನೆ. ಡಿಸೆಂಬರಿನಿಂದ ಹೊಸ ಕಾಯಿ ಬರಲು ಶುರುವಾದರೆ ಸಂಜೆಗಳು ಸಿಗುವುದಿಲ್ಲ. ಮುಂದಿನ ಬೇಸಿಗೆಯ ನಂತರ 2⁶¹ − 1ನ್ನು ತೆಗೆದುಕೊಳ್ಳುವ ಯೋಚನೆ ಇದೆ. 1883ರಲ್ಲಿ ರಷ್ಯದ ಪಾದ್ರಿ ಪೆರ್ವುಶಿನ್ ಅದು ಅವಿಭಾಜ್ಯವೆಂದು ತೋರಿಸಿದ್ದರು. ಹತ್ತೊಂಬತ್ತು ಅಂಕಿ, ಐವತ್ತೊಂಬತ್ತು ಹೆಜ್ಜೆ. ಅಗಲವಾದ ಹಾಳೆಯ ಪುಸ್ತಕ ಬೇಕಾಗುತ್ತದೆ, ಹಾವೇರಿಗೆ ಹೋದಾಗ ತರಬೇಕು.